ಹುಲ್ಲಿನ ಪೆಟ್ಟಿಗೆಯಲ್ಲಿ ಬೆಂದ ನಾಟಿಕೋಳಿ ಸಾರು

ನಿಧಾನಕ್ಕೆ ಬೇಯಬೇಕಾದ ಅಡುಗೆಗೆ ಬೆಂಕಿ ಬೇಕಾಗುವುದು ಶುರುವಿನಲ್ಲಿ. ಒಂದು ಸಲ ಚೆನ್ನಾಗಿ ಕುದಿ ಬಂದ ಮೇಲೆ ಬೇಕಾಗುವುದು ಆ ಬಿಸಿಯನ್ನು ಹೊರಗೆ ಬಿಡದ ಒಂದು ಜಾಗ. ಇದನ್ನು ನಂಬಿ ಮಾಡಿದ ಪೆಟ್ಟಿಗೆ ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತಿದೆ. ಒಳಗೆ ಭತ್ತದ ಹುಲ್ಲು, ಅಡಿಕೆ ಹಾಳೆ, ಮೇಲೆ ಬೂರುಗದ ಹತ್ತಿಯ ದಿಂಬು. ಕರೆಂಟ್ ಇಲ್ಲ, ಗ್ಯಾಸ್ ಇಲ್ಲ. ಮಾಡಿದ ಬಗೆ, ಅಳತೆ, ಬಿಸಿಯ ಲೆಕ್ಕ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಮಳೆಗಾಲಕ್ಕೆ ಮೊದಲು ಯಾರಾದರೂ ಮಾಡಿಕೊಂಡರೆ ಸಂತೋಷ.

ಹೋಟೆಲ್ ಮೆನುವಿನಲ್ಲಿ ಸ್ಟ್ಯೂ ಅಂತ ಬರೆದಿರುತ್ತದಲ್ಲ, ಆ ಜಾತಿಯ ಅಡುಗೆಗಳಿಗೇ ಇದು ಇರುವುದು. ಮಾಂಸವನ್ನೋ ತರಕಾರಿಯನ್ನೋ ತುಂಡು ಮಾಡಿ, ಮುಳುಗುವಷ್ಟು ನೀರು ಹಾಕಿ, ಮುಚ್ಚಿಟ್ಟು, ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಆ ರಸದ ಸಮೇತ ಬಡಿಸುವ ಅಡುಗೆ. ಐರ್ಲೆಂಡಿನವರು ಕುರಿ ಮಾಂಸ, ಆಲೂಗಡ್ಡೆ, ಈರುಳ್ಳಿ ಹಾಕಿ ಮಾಡುತ್ತಾರೆ. ಹಂಗೇರಿಯ ಗೂಲಾಶ್‌ಗೆ ಪಾಪ್ರಿಕಾ ಮೆಣಸಿನ ಪುಡಿಯೇ ಜೀವ. ಕೇರಳದಲ್ಲಿ ಅಪ್ಪಂ ಜೊತೆ ತೆಂಗಿನ ಹಾಲಿನ ಇಷ್ಟು ಸಿಗುತ್ತದೆ. ಯಹೂದಿಗಳ ಮನೆಗಳಲ್ಲಿ ಚೋಲೆಂಟ್ ಅಂತ ಒಂದಿದೆ. ಶನಿವಾರ ಅವರು ಬೆಂಕಿ ಹೊತ್ತಿಸುವ ಹಾಗಿಲ್ಲ. ಹಾಗಾಗಿ ಶುಕ್ರವಾರ ಹೊತ್ತು ಮುಳುಗುವ ಮೊದಲೇ ಕುದಿಸಿ, ರಾತ್ರಿಯಿಡೀ ಬಿಸಿಯಲ್ಲಿ ಬಿಟ್ಟು, ಮರುದಿನ ಊಟ ಮಾಡುತ್ತಾರೆ.

ನಮ್ಮಲ್ಲೇನು ಕಡಿಮೆ ಇಲ್ಲ. ಕಡುಬಿನ ಜೊತೆಗೆ ನಾಟಿಕೋಳಿ ಸಾರು, ಹಲಸಿನ ಬೀಜದ ಹುಳಿ, ಹುರುಳಿ ಕಟ್ಟಿನ ಸಾರು. ಇದರಲ್ಲಿ ಹುರುಳಿಯ ಕಥೆ ನನಗೆ ತುಂಬ ಇಷ್ಟ. ಉಳುವ ಎತ್ತುಗಳಿಗೆ ಅಂತ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯಿಸುತ್ತಿದ್ದರು. ಕಾಳು ಎತ್ತಿಗೆ, ಬಸಿದ ಕಟ್ಟು ಮನೆಯವರ ಸಾರಿಗೆ. ಪೆಟ್ಟಿಗೆಯ ವಿಷಯ ಹೇಳಿದಾಗ ಅಮ್ಮ ತಕ್ಷಣ ಅದನ್ನೇ ನೆನಪು ಮಾಡಿಕೊಂಡರು. "ರಾತ್ರಿ ಬಚ್ಚಲ ಒಲೆ ಮೇಲೆ ಇಟ್ರೆ ಬೆಳಗಿನ ತನಕ ಅಲ್ಲೇ ಇರ್ತಿತ್ತು. ಬೆಂಕಿ ಹಾಕ್ತಾ ಯಾರು ಕೂರ್ತಿದ್ರು ಮಾರಾಯ? ಕೆಂಡದ ಬಿಸಿಗೇ ಬೇಯ್ತಿತ್ತು" ಅಂದರು. ನಾನು ಮಾಡಲು ಹೊರಟಿದ್ದು ಕೆಂಡವೂ ಇಲ್ಲದೆ ಅದೇ ಕೆಲಸ.

ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. 1867ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ ನಾರ್ವೆಯವರು ಇಂಥದ್ದೇ ಒಂದು ಅಡುಗೆ ಪೆಟ್ಟಿಗೆಯನ್ನು ತೋರಿಸಿದ್ದರು. ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿನಲ್ಲಿ ಇಂಧನ ಉಳಿಸಲು ಮನೆಮನೆಗಳಲ್ಲಿ ಒಣಹುಲ್ಲಿನ ಪೆಟ್ಟಿಗೆ ಬಳಸಿದರು. ಹುಲ್ಲಿಗೆ ಬರ ಇಲ್ಲದ ನಮ್ಮೂರಲ್ಲಿ ಇದು ಯಾಕೆ ಇರಬಾರದು ಅನ್ನುವುದೇ ನನ್ನ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ಈಚೆ ಇರುವ ನಮ್ಮಲ್ಲೂ ಜುಲೈ ತಿಂಗಳಲ್ಲಿ ಸೌದೆ ಹಸಿ, ಒಲೆ ತುಂಬ ಹೊಗೆ. ಆ ಹೊಗೆಯ ಮುಂದೆ ಎರಡು ಮೂರು ಗಂಟೆ ಕೂತು ಊದುವವರ ಕಣ್ಣು ನೋಡಿದವರಿಗೆ ಈ ಕೆಲಸ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ.

ಈಗ ಬಿಸಿಯ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಇಡೀ ಪೆಟ್ಟಿಗೆ ನಿಂತಿರುವುದು ಇದರ ಮೇಲೆ.

5 ಲೀಟರ್ ನೀರನ್ನು ಮಳೆಗಾಲದ 23 ಡಿಗ್ರಿಯಿಂದ 98 ಡಿಗ್ರಿಗೆ ಏರಿಸಲು ಬೇಕಾಗುವ ಶಾಖ ಸುಮಾರು 1,570 ಕಿಲೊಜೂಲ್. ಕರೆಂಟಿನ ಲೆಕ್ಕದಲ್ಲಿ ಅರ್ಧ ಯೂನಿಟ್ಟೂ ಆಗುವುದಿಲ್ಲ. ಆದರೆ ಕುದಿಯುವ ನೀರಿನಲ್ಲಿ ಒಂದೇ ಒಂದು ಲೀಟರ್ ಆವಿಯಾಗಿ ಹೋಗಲು 2,250 ಕಿಲೊಜೂಲಿನಷ್ಟು ಬೇಕು. ಅಂದರೆ ಸಾರನ್ನು ಒಲೆ ಮೇಲೆ ಎರಡು ಗಂಟೆ ಕುದಿಸುತ್ತಾ ಒಂದು ಲೀಟರ್ ಬತ್ತಿಸಿದರೆ, ಇಡೀ ತಪ್ಪಲೆಯನ್ನು ಕುದಿಗೆ ತರಲು ಹಿಡಿದ ಶಾಖಕ್ಕಿಂತ ಜಾಸ್ತಿ ಶಾಖ ಹಬೆಯ ಜೊತೆ ಸೂರು ಸೇರಿತು ಅಂತ ಅರ್ಥ. ಆ ಹಬೆಯಿಂದ ಕೋಳಿ ಬೇಯಲಿಲ್ಲ. ಕೋಳಿ ಬೆಂದದ್ದು ನೀರು ಬಿಸಿಯಾಗಿದ್ದದ್ದರಿಂದ. ನೀರನ್ನು ಬಿಸಿಯಾಗಿ ಇಟ್ಟರೆ ಸಾಕು, ಕುದಿಯುತ್ತಲೇ ಇರಬೇಕಾಗಿಲ್ಲ.

98 ಯಾಕೆ, 100 ಅಲ್ವಾ ಅಂತ ಕೇಳಬಹುದು. ನಾವು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 600 ಮೀಟರ್ ಮೇಲಿದ್ದೇವೆ. ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ವೈರಿನ ತುದಿಗೆ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ತಂದೆ. ಕುದಿಯುವ ನೀರಿಗೆ ಇಳಿಬಿಟ್ಟರೆ 98 ತೋರಿಸಿತು. ಅದು ಸರಿಯಿದೆ ಅಂತ ಅಲ್ಲೇ ಖಾತ್ರಿಯಾಯಿತು.

ಪೆಟ್ಟಿಗೆ ಮತ್ತು ತಪ್ಪಲೆ

ಮೊದಲು ತಪ್ಪಲೆ ಆರಿಸಬೇಕು, ಪೆಟ್ಟಿಗೆ ಆಮೇಲೆ. ನಮ್ಮದು 9 ಇಂಚು ಅಗಲ, ಮುಚ್ಚಳ ಸೇರಿ 7 ಇಂಚು ಎತ್ತರದ ಸ್ಟೀಲ್ ತಪ್ಪಲೆ. ಆರು ಲೀಟರ್ ಹಿಡಿಯುತ್ತದೆ. ಎರಡು ಪಕ್ಕ ಚಿಕ್ಕ ಕಿವಿಗಳು. ಉದ್ದ ಹಿಡಿಯ ಪಾತ್ರೆ ಬೇಡ, ಹಿಡಿಯ ಸುತ್ತ ಸಂದು ಉಳಿಯುತ್ತದೆ. ಬಳಪದ ಕಲ್ಲಿನ ಮರಿಗೆಯೂ ಮನೆಯಲ್ಲಿದೆ. ಅದು ಬಿಸಿಯನ್ನು ಚೆನ್ನಾಗಿ ಹಿಡಿಯುತ್ತದೆ, ಹುಳಿಗೆ ಅದರಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಆದರೆ ಕುದಿಯುವ ಸಾರು ತುಂಬಿದ ಮರಿಗೆಯನ್ನು ಎತ್ತಿ ಪೆಟ್ಟಿಗೆಯೊಳಗೆ ಇಳಿಸುವುದು ಸುಟ್ಟುಕೊಳ್ಳುವ ಕೆಲಸ. ಹಾಗಾಗಿ ಸ್ಟೀಲನ್ನೇ ಇಟ್ಟುಕೊಂಡೆ.

ಸುತ್ತಲೂ ನಾಲ್ಕೂವರೆ ಇಂಚು, ಕೆಳಗೂ ಮೇಲೂ ಐದೈದು ಇಂಚು ಹುಲ್ಲು ಬೇಕು ಅಂತ ಲೆಕ್ಕ ಹಾಕಿದೆ. ಹಾಗೆ ನೋಡಿದರೆ ಪೆಟ್ಟಿಗೆಯ ಒಳಗಿನ ಉದ್ದ ಅಗಲ 18 ಇಂಚು, ಆಳ 17 ಇಂಚು. ಅಟ್ಟದ ಮೇಲೆ ಹಲಸಿನ ಮರದ ಒಂದು ಹಳೆ ಪೆಟ್ಟಿಗೆ ಇತ್ತು. ಅಡಿಕೆ ಪಟ್ಟಿ, ಕಾಗದಪತ್ರ ಇಡುತ್ತಿದ್ದದ್ದು. ಉದ್ದ ಜಾಸ್ತಿ ಇತ್ತು, ಊರಿನ ಆಚಾರ್ರು ನಡುವೆ ಒಂದು ಹಲಗೆ ಹೊಡೆದು ಅಳತೆಗೆ ತಂದುಕೊಟ್ಟರು. ಆಚೆ ಬದಿಯ ಖಾಲಿ ಜಾಗದಲ್ಲಿ ಈಗ ದಿಂಬು, ಒಣ ಬಟ್ಟೆ ಇಡುತ್ತೇವೆ. ಇಂಥ ಪೆಟ್ಟಿಗೆ ಇಲ್ಲದವರು ದಪ್ಪ ರಟ್ಟಿನ ಡಬ್ಬದಲ್ಲೂ ಮಾಡಬಹುದು, ಬಿಸಿ ಹಿಡಿಯುವುದು ಮರವಲ್ಲ, ಹುಲ್ಲು.

ಹುಲ್ಲು ಅಂದರೂ ಹುಲ್ಲಲ್ಲ, ಅದರೊಳಗೆ ಸಿಕ್ಕಿಬಿದ್ದಿರುವ ಗಾಳಿ. ಅಲ್ಲಾಡದ ಗಾಳಿ ಬಿಸಿಯನ್ನು ತುಂಬ ನಿಧಾನವಾಗಿ ದಾಟಿಸುತ್ತದೆ. ಹುಲ್ಲನ್ನು ಸಡಿಲವಾಗಿ ತುಂಬಿದರೆ ಗಾಳಿ ಒಳಗೇ ಸುತ್ತಾಡಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಗಟ್ಟಿಯಾಗಿ ಜಡಿದರೆ ಗಾಳಿಗೇ ಜಾಗ ಇರುವುದಿಲ್ಲ. ಮುಷ್ಟಿಯಲ್ಲಿ ಒತ್ತಿದರೆ ಒಂದು ಇಂಚು ತಗ್ಗಿ ವಾಪಸ್ ಏಳುವ ಹಾಗಿರಬೇಕು. ಬಣವೆಯ ಮೇಲಿನ ಪದರ ಮಳೆ ಕುಡಿದಿರುತ್ತದೆ, ಒಳಗಿನಿಂದ ಎಳೆದು ತೆಗೆಯಿರಿ. ಕತ್ತಿಯಲ್ಲಿ ನಾಲ್ಕು ಇಂಚಿಗೆ ಕೊಚ್ಚಿ, ಒಲೆಯ ಮೇಲಿನ ಅಟ್ಟದಲ್ಲಿ ಗರಿಗರಿಯಾಗುವ ತನಕ ಒಣಗಿಸಿದೆ. ಒಟ್ಟು ಐದಾರು ಕೆ.ಜಿ. ಹಿಡಿಯಿತು.

ಅಡಿಕೆ ಸಿಪ್ಪೆ ತೋಟದಲ್ಲಿ ರಾಶಿ ಬಿದ್ದಿರುತ್ತದೆ, ಅದನ್ನೇ ಹಾಕಬಹುದಲ್ಲ ಅಂತ ನೋಡಿದೆ. ಬಿಸಿ ತಾಗಿದರೆ ವಾಸನೆ ಬಿಡುತ್ತದೆ, ತೇವವನ್ನೂ ಬೇಗ ಎಳೆಯುತ್ತದೆ. ಉಮಿ ಬಿಸಿ ತಡೆಯುವುದರಲ್ಲಿ ಹುಲ್ಲಿಗಿಂತ ಕಡಿಮೆಯೇನಲ್ಲ, ಆದರೆ ದಿನ ಕಳೆದ ಹಾಗೆ ಕೆಳಗೆ ಕೂರುತ್ತದೆ, ದೂಳು ಸಾರಿಗೆ ಬೀಳುತ್ತದೆ. ಹುಲ್ಲೇ ವಾಸಿ.

ಹಾಳೆಯ ಗೂಡು

ತಪ್ಪಲೆಯನ್ನು ಸುಮ್ನೆ ಹುಲ್ಲಿನೊಳಗೆ ಹೂತರೆ ಎರಡು ತೊಂದರೆ. ಪ್ರತಿ ಸಲ ತೆಗೆಯುವಾಗ ಗುಂಡಿ ಕುಸಿಯುತ್ತದೆ. ಹಬೆ ಹುಲ್ಲಿಗೆ ಇಳಿಯುತ್ತದೆ, ಒದ್ದೆ ಹುಲ್ಲು ಬಿಸಿಯನ್ನು ತಡೆಯುವುದೇ ಇಲ್ಲ. ಇದಕ್ಕೆ ಅಡಿಕೆ ಹಾಳೆ ಸರಿಯಾಗಿ ಕೂತಿತು. ದೊಡ್ಡ ಹಾಳೆಗಳನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಒಂದು ದಪ್ಪ ಬಟ್ಟೆ ಸುತ್ತಿದ ತಪ್ಪಲೆಯ ಸುತ್ತ ಬಗ್ಗಿಸಿ, ಬಾಳೆನಾರಿನಲ್ಲಿ ಬಿಗಿದು ಒಣಗಲು ಬಿಟ್ಟೆ. ಒಣಗಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಂತಿತು. ನಡುವಿನ ಬಟ್ಟೆಯ ದಪ್ಪದಷ್ಟು ಸಡಿಲ ಇರುವುದರಿಂದ ತಪ್ಪಲೆ ಸಲೀಸಾಗಿ ಇಳಿಯುತ್ತದೆ. ತಳಕ್ಕೆ ಎರಡು ಪದರ ಹಾಳೆ.

ಪೆಟ್ಟಿಗೆಯ ಅಡಿಗೆ ಮೊದಲು ಲಕ್ಕಿ ಸೊಪ್ಪು ಹರಡಿದೆ. ಕಾಳಿಗೆ ಹುಳು ಬೀಳದ ಹಾಗೆ ಹಾಕುತ್ತಾರಲ್ಲ, ಅದೇ. ಅದರ ಮೇಲೆ ಐದು ಇಂಚು ಹುಲ್ಲು, ಅದರ ಮೇಲೆ ಹಾಳೆಯ ಗೂಡು, ಸುತ್ತಲೂ ಹುಲ್ಲು. ಮೇಲೆ ಮುಚ್ಚಲು ಬೂರುಗದ ಹತ್ತಿಯ ಹಳೆ ದಿಂಬು. ಬೂರುಗದ ಹತ್ತಿ ಹಗುರ, ನೀರು ಬೇಗ ಹಿಡಿಯುವುದಿಲ್ಲ, ಬಿಸಿ ತಡೆಯುವುದರಲ್ಲಿ ಹುಲ್ಲಿಗಿಂತ ಮೇಲು.

ನೀರಿನ ಪರೀಕ್ಷೆ

ಕೋಳಿಯನ್ನು ಹಾಕುವ ಮೊದಲು ಬರೀ ನೀರಿನಲ್ಲಿ ನೋಡುವುದು ಒಳ್ಳೆಯದು. 5 ಲೀಟರ್ ಕುದಿಸಿ, ಥರ್ಮಾಮೀಟರಿನ ವೈರನ್ನು ಮುಚ್ಚಳದ ಅಂಚಿನಿಂದ ಹೊರಗೆ ಬಿಟ್ಟು, ಪೆಟ್ಟಿಗೆ ಮುಚ್ಚಿದೆ. ಒಂದು ಗಂಟೆಗೆ 90. ನಾಲ್ಕು ಗಂಟೆಗೆ 72. ಎಂಟು ಗಂಟೆಗೆ 55.

ಇದು ಸಾಲದು. ಮೊದಲ ಗಂಟೆಯ ಇಳಿತ ಸಹಜ, ತಣ್ಣಗಿದ್ದ ಹುಲ್ಲು ಹಾಳೆ ಬಿಸಿಯಾಗಲು ಅಷ್ಟು ತಿನ್ನುತ್ತವೆ. ಆಮೇಲಿನ ಇಳಿತ ಎಲ್ಲಿಂದ ಅಂತ ಹುಡುಕಬೇಕಿತ್ತು. ಪೆಟ್ಟಿಗೆಯ ಪಕ್ಕಗಳನ್ನು ಕೈಯಿಂದ ಮುಟ್ಟಿ ನೋಡಿದರೆ ತಣ್ಣಗಿದ್ದವು. ಮುಚ್ಚಳದ ಅಂಚಿನಲ್ಲಿ ಮಾತ್ರ ಬೆಚ್ಚನೆ ಗಾಳಿ. ಮಳೆಗೆ ಹಲಗೆ ಉಬ್ಬಿ, ಮುಚ್ಚಳ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು.

ಆಚಾರ್ರನ್ನು ಕರೆಸಿದೆ. ಅಂಚನ್ನು ಕೀಸಿ ಕೊಡಿ ಅಂದರೆ ಅವರು ಒಪ್ಪಲಿಲ್ಲ. "ಈಗ ಕೀಸಬಾರದು ಗೌಡ್ರೇ. ಬೇಸಿಗೆಲಿ ಮರ ಒಣಗಿದ್ರೆ ಬೆರಳು ಹೋಗೋಷ್ಟು ಸಂದು ಬೀಳುತ್ತೆ. ಮರ ಹೇಗಿದ್ಯೋ ಹಾಗೇ ಬಿಡಿ, ನಡುವೆ ಏನಾದ್ರೂ ಮೆತ್ತಗಿನದ್ದು ಕೊಡಿ" ಅಂದರು. ಎಂಥ ಒಳ್ಳೆಯ ಸಲಹೆ! ಹಳೆ ಕಂಬಳಿಯನ್ನು ಎರಡು ಇಂಚು ಅಗಲಕ್ಕೆ ಪಟ್ಟಿ ಕತ್ತರಿಸಿ, ಮಡಚಿ, ಬಾಯಿಯ ಸುತ್ತ ಚಿಕ್ಕ ಮೊಳೆಯಲ್ಲಿ ಹೊಡೆದೆ. ಮರ ಉಬ್ಬಲಿ, ಕುಗ್ಗಲಿ, ಉಣ್ಣೆ ಅದಕ್ಕೆ ಹೊಂದಿಕೊಳ್ಳುತ್ತದೆ. ಮುಚ್ಚಳವನ್ನು ಕೆಳಗೆ ಒತ್ತಿ ಹಿಡಿಯಲು ಒಂದು ಕೊಂಡಿ ಹಾಕಿಸಿದೆ. ದಿಂಬು ಮೂಲೆಗಳಲ್ಲಿ ಸಾಲುತ್ತಿರಲಿಲ್ಲ, ಬಿಚ್ಚಿ ಚೌಕಾಕಾರಕ್ಕೆ ಹೊಲಿದು ಇನ್ನಷ್ಟು ಹತ್ತಿ ತುಂಬಿದೆವು.

ಮತ್ತೆ ಅಷ್ಟೇ ನೀರು ಇಟ್ಟಾಗ ಒಂದು ಗಂಟೆಗೆ 92, ನಾಲ್ಕು ಗಂಟೆಗೆ 80, ಎಂಟು ಗಂಟೆಗೆ 67. ಒಂದು ಕಂಬಳಿ ಪಟ್ಟಿ, ಒಂದು ಕೊಂಡಿ, ಸರಿಯಾಗಿ ಕೂರುವ ದಿಂಬು, ಅಷ್ಟರಿಂದ ಎಂಟು ಗಂಟೆಯಲ್ಲಿ 12 ಡಿಗ್ರಿ ಉಳಿಯಿತು. ಯಾರಾದರೂ ಮಾಡುವುದಾದರೆ ಹುಲ್ಲಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಮುಚ್ಚಳದ ಬಗ್ಗೆ ಕೆಡಿಸಿಕೊಳ್ಳಿ.

ತಪ್ಪಲೆಯಲ್ಲಿ ಅರ್ಧ ಮಾತ್ರ ನೀರು ಇಟ್ಟಾಗ ಎಂಟು ಗಂಟೆಗೆ 54ಕ್ಕೆ ಇಳಿದಿತ್ತು. ಒಳಗಿರುವುದು ಕಡಿಮೆಯಾದರೆ ಅದು ಹಿಡಿದಿಟ್ಟ ಶಾಖವೂ ಕಡಿಮೆ, ಆದರೆ ಬಿಸಿ ಹೋಗುವ ದಾರಿ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ಹಾಗಾಗಿ ತಪ್ಪಲೆ ಮುಕ್ಕಾಲು ಪಾಲು ತುಂಬಿದ್ದರೆ ಮಾತ್ರ ಪೆಟ್ಟಿಗೆಗೆ ಹಾಕುತ್ತೇವೆ.

ಕೋಳಿ

ನಾಟಿಕೋಳಿ, ಅದರಲ್ಲೂ ಮೊಟ್ಟೆ ನಿಲ್ಲಿಸಿದ ಹಳೆ ಹೇಂಟೆ, ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಮಾಂಸದಲ್ಲಿ ಕೊಲಾಜನ್ ಅನ್ನುವ ಗಟ್ಟಿ ನಾರು ಜಾಸ್ತಿ. 70 ಡಿಗ್ರಿಗಿಂತ ಮೇಲೆ ಗಂಟೆಗಟ್ಟಲೆ ಇದ್ದರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ಸಾರಿಗೆ ತುಟಿಗೆ ಅಂಟುವ ಆ ಮಂದ ಬರುವುದು ಅದರಿಂದ. ಜೋರಾಗಿ ಕುದಿಸಿದರೆ ಕೊಲಾಜನ್ ಬೇಗ ಕರಗುತ್ತದೆ ನಿಜ, ಆದರೆ ಮಾಂಸದ ಎಳೆಗಳು ಬಿಗಿದು ರಸ ಬಿಟ್ಟು ಒಣಗಿ ಸಿಬಿರಾಗುತ್ತವೆ. 92ರಿಂದ 80ಕ್ಕೆ ಮೆಲ್ಲಗೆ ಇಳಿಯುವ ಪೆಟ್ಟಿಗೆಯ ಬಿಸಿಯಲ್ಲಿ ಆ ತೊಂದರೆ ಇಲ್ಲ.

ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕಾಳುಮೆಣಸು ಹುರಿದು, ಕೋಳಿ ತುಂಡುಗಳನ್ನು ಬಾಡಿಸಿ, ಉಪ್ಪು ಅರಿಶಿನ ಖಾರದ ಪುಡಿ ಹಾಕಿ, ಬಿಸಿನೀರು ಸೇರಿಸಿ ಪೂರಾ ಇಪ್ಪತ್ತು ನಿಮಿಷ ಕುದಿಸಿದೆವು. ನೀರಿನ ಮೇಲ್ಭಾಗ ಕುದಿಯುತ್ತಿದ್ದರೆ ಸಾಲದು, ದಪ್ಪ ತುಂಡಿನ ಮೂಳೆಯ ತನಕ ಬಿಸಿ ಹೋಗಿರಬೇಕು. ಇಲ್ಲದಿದ್ದರೆ ಪೆಟ್ಟಿಗೆಗೆ ಹೋದ ಮೇಲೆ ತಣ್ಣಗಿರುವ ಮಾಂಸ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬಾಡಿಸಿದ ಬಾಳೆ ಎಲೆಯನ್ನು ತಪ್ಪಲೆಯ ಬಾಯಿಗೆ ಹಾಸಿ ಅದರ ಮೇಲೆ ಮುಚ್ಚಳ ಒತ್ತಿದರೆ ಹಬೆ ಹೊರಗೆ ಬರುವುದಿಲ್ಲ. ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ಯಾವತ್ತೂ ಮರೆಯಬಾರದು. ಸೌದೆ ಒಲೆಯ ಮಸಿಯಲ್ಲಿ ಕಿಡಿ ಅಂಟಿಕೊಂಡಿರುತ್ತದೆ, ಕೆಳಗಿರುವುದು ಒಣಹುಲ್ಲು. ಒರೆಸಿದ ಮೇಲೆ ಒಣ ಬಟ್ಟೆ ಸುತ್ತಿ ಗೂಡಿಗೆ ಇಳಿಸಬೇಕು. ಒಲೆಯಿಂದ ಪೆಟ್ಟಿಗೆಗೆ ಹೋಗುವುದು ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಪೆಟ್ಟಿಗೆ ಮೊದಲೇ ತೆರೆದಿಟ್ಟಿರಿ.

ನಾಲ್ಕು ಗಂಟೆ ಆದ ಮೇಲೆ ತೆಗೆದಾಗ 79 ಇತ್ತು. ತೊಡೆಯ ಮಾಂಸ ಮೂಳೆಯಿಂದ ತಾನೇ ಬಿಟ್ಟುಕೊಳ್ಳುತ್ತಿತ್ತು, ತುಂಡು ಮಾತ್ರ ಒಡೆದಿರಲಿಲ್ಲ. ತೆಂಗಿನಕಾಯಿ ಮಸಾಲೆ ರುಬ್ಬಿ ಹಾಕಿ ಇನ್ನೊಂದು ಸಲ ಚೆನ್ನಾಗಿ ಕುದಿಸಿ ಇಳಿಸಿದೆವು. ಕಾಯಿಯನ್ನು ಮೊದಲೇ ಹಾಕಬಾರದು, ಅಷ್ಟು ಹೊತ್ತು ಬಿಸಿಯಲ್ಲಿದ್ದರೆ ಎಣ್ಣೆ ಬಿಟ್ಟು ಒಡೆದ ಹಾಗಾಗುತ್ತದೆ. ನೀರೂ ಒಲೆಗೆ ಹಾಕುವುದಕ್ಕಿಂತ ಕಾಲು ಭಾಗ ಕಡಿಮೆ ಇರಲಿ, ಪೆಟ್ಟಿಗೆಯಲ್ಲಿ ಬತ್ತುವುದೇ ಇಲ್ಲ.

ಅಮ್ಮ ಕಡುಬಿನ ಜೊತೆ ತಿಂದು, "ಹಳೆ ಹೇಂಟೆ ಅಂತ ಗೊತ್ತೇ ಆಗಲ್ಲ" ಅಂದರು. ನನಗೆ ಅಷ್ಟು ಸಾಕಿತ್ತು.

ಕಾಳು, ಗಡ್ಡೆ

ಹುರುಳಿಯನ್ನು ರಾತ್ರಿ ಚಿಟಿಕೆ ಉಪ್ಪು ಹಾಕಿದ ನೀರಿನಲ್ಲಿ ನೆನೆಸಿ, ಬೆಳಗ್ಗೆ ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಆರು ಗಂಟೆ ಪೆಟ್ಟಿಗೆಯಲ್ಲಿ ಇಟ್ಟರೆ ಎರಡು ಬೆರಳಲ್ಲಿ ಹಿಸುಕುವಷ್ಟು ಬೇಯುತ್ತದೆ. ಕಟ್ಟು ಕುಕ್ಕರಿನದ್ದಕ್ಕಿಂತ ತಿಳಿಯಾಗಿ, ಘಮ ಹೆಚ್ಚಾಗಿ ಬರುತ್ತದೆ ಅನ್ನುವುದು ನನ್ನ ನಾಲಿಗೆಯ ತೀರ್ಮಾನ. ಹುಳಿಯನ್ನು ಮಾತ್ರ ಕೊನೆಗೆ ಹಾಕಿ. ಹುಣಸೆ ಆಗಲಿ, ವಾಟೆ ಆಗಲಿ, ಮುರುಗಲು ಆಗಲಿ, ಹುಳಿ ಮೊದಲೇ ಬಿದ್ದರೆ ಕಾಳಿನ, ಗಡ್ಡೆಯ ಒಳಗಿನ ಪೆಕ್ಟಿನ್ ಅನ್ನುವ ಅಂಟು ಕರಗದೆ ಗಟ್ಟಿಯಾಗಿಯೇ ಉಳಿಯುತ್ತದೆ. ಹಲಸಿನ ಬೀಜ, ಸುವರ್ಣಗಡ್ಡೆಗೆ ಎರಡು ಮೂರು ಗಂಟೆ ಸಾಕು.

ಎರಡು ವಿಷಯದಲ್ಲಿ ಎಚ್ಚರ. ರಾಜ್ಮಾ ಕಾಳಿನಲ್ಲಿ ಒಂದು ವಿಷದ ಅಂಶ ಇದೆ, ಅದು ಹಾಳಾಗುವುದು ಕೊತಕೊತ ಕುದಿಯುವಾಗ. ಕುದಿಸದೆ ಸಣ್ಣ ಬಿಸಿಯಲ್ಲಿ ಬೇಯಿಸಿದರೆ ವಾಂತಿ ಭೇದಿ ಆಗುತ್ತದೆ. ನೆನೆಸಿದ ನೀರು ಚೆಲ್ಲಿ, ಅರ್ಧ ಗಂಟೆ ಚೆನ್ನಾಗಿ ಕುದಿಸಿದ ಮೇಲೆಯೇ ಪೆಟ್ಟಿಗೆಗೆ. ಇನ್ನೊಂದು ಕಳಲೆ. ಅದರಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ. ನಮ್ಮ ಹಿರಿಯರು ದಿನವೂ ನೀರು ಬದಲಿಸಿ ನೆನೆಸಿಡುವುದು ಸುಮ್ನೆ ಅಲ್ಲ. ಹಾಗೆ ನೆನೆಸಿ, ಮುಚ್ಚಳ ತೆಗೆದು ಕುದಿಸಿ, ಆ ನೀರು ಬಸಿದು ಹಾಕಬೇಕು. ಹಸಿ ಕಳಲೆಯನ್ನು ಮುಚ್ಚಿ ಪೆಟ್ಟಿಗೆಯಲ್ಲಿ ಇಡುವ ಮಾತೇ ಇಲ್ಲ.

ಇದಕ್ಕಿಂತ ದೊಡ್ಡ ನಿಯಮ 60 ಡಿಗ್ರಿಯದ್ದು. ಬೇಯಿಸಿದ ಆಹಾರ 60ಕ್ಕಿಂತ ಕೆಳಗೆ ಬೆಚ್ಚಗೆ ಕೂತರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕುದಿಸಿದರೂ ಸಾಯದ ಬೀಜಕಣಗಳು ಆಗ ಮೊಳೆಯುತ್ತವೆ. ನಮ್ಮ ಪೆಟ್ಟಿಗೆ ತುಂಬಿದ ತಪ್ಪಲೆಯನ್ನು ಎಂಟು ಗಂಟೆ ಆ ಗೆರೆಯ ಮೇಲೆ ಇಡುತ್ತದೆ ಅಂತ ಅಳೆದು ನೋಡಿದ್ದೇವೆ, ಆದರೂ ಮಾಂಸವನ್ನು ಆರು ಗಂಟೆಯ ಆಚೆ ಬಿಡುವುದಿಲ್ಲ. ನಡುವೆ ಮುಚ್ಚಳ ತೆಗೆದು ಇಣುಕುವುದಿಲ್ಲ. ತೆಗೆದ ಮೇಲೆ ಮತ್ತೆ ಕುದಿಸದೆ ಬಡಿಸುವುದಿಲ್ಲ. ನೀವು ಮಾಡಿದ ಪೆಟ್ಟಿಗೆಯನ್ನು ನೀವೇ ಥರ್ಮಾಮೀಟರ್ ಇಟ್ಟು ಅಳೆಯಿರಿ, ನನ್ನ ಅಂಕಿ ನಿಮ್ಮ ಪೆಟ್ಟಿಗೆಗೆ ಲೆಕ್ಕಕ್ಕಿಲ್ಲ.

ಮಳೆಗಾಲದಲ್ಲಿ ಬೂಸ್ಟು ಇದರ ಶತ್ರು. ಬಳಸಿದ ಮೇಲೆ ಪೆಟ್ಟಿಗೆ ಮುಚ್ಚದೆ ಒಲೆಯ ಹತ್ತಿರ ಬಾಯಿ ತೆರೆದು ಬಿಡುತ್ತೇವೆ. ಹಾಳೆಯ ಗೂಡನ್ನು, ದಿಂಬನ್ನು ಅಟ್ಟದಲ್ಲಿ ಒಣಗಿಸುತ್ತೇವೆ. ಹುಲ್ಲಿಗೆ ಮುಗ್ಗಲು ವಾಸನೆ ಬಂದರೆ ಅದು ಕೊಟ್ಟಿಗೆಗೆ, ಪೆಟ್ಟಿಗೆಗೆ ಹೊಸ ಹುಲ್ಲು. ಇಲಿ ಬರದ ಹಾಗೆ ತಳಕ್ಕೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆದಿದ್ದೇನೆ.

ಈಗ ಒಲೆ ಉರಿಯುವುದು ಮೊದಲ ಕುದಿಗೆ ಸುಮಾರು ಮುಕ್ಕಾಲು ಗಂಟೆ, ಕೊನೆಗೆ ಮತ್ತೆ ಕುದಿಸಲು ಸ್ವಲ್ಪ ಹೊತ್ತು. ನಡುವಿನ ಹೊತ್ತಿನಲ್ಲಿ ತೋಟಕ್ಕೆ ಹೋಗಿ ಬರಬಹುದು, ಯಾರೂ ಊದುತ್ತಾ ಕೂರಬೇಕಾಗಿಲ್ಲ. ಮನೆಯಲ್ಲಿ ಇಬ್ಬರೇ ಇರುವ ದಿನ ಆರು ಲೀಟರಿನ ತಪ್ಪಲೆ ತುಂಬುವಷ್ಟು ಅಡುಗೆ ಇರುವುದಿಲ್ಲ. ಅದಕ್ಕೆ 7 ಇಂಚು ಅಗಲದ ಚಿಕ್ಕ ತಪ್ಪಲೆಗೆ ಇದೇ ಗೂಡಿನೊಳಗೆ ಇಳಿಸುವ ಹತ್ತಿಯ ಬಳೆ ಒಂದನ್ನು ಹೊಲಿಯುತ್ತಿದ್ದೇವೆ. ಚಿಕ್ಕ ತಪ್ಪಲೆಗೆ ಹುಲ್ಲಿನ ಜೊತೆ ಹತ್ತಿಯ ಪದರವೂ ಸೇರಿದರೆ ಆರು ಗಂಟೆಗೆ 65 ಸಿಗಬೇಕು. ಸಿಕ್ಕರೆ ಮೊದಲು ಹಾಕುವುದು ಹಲಸಿನ ಬೀಜದ ಹುಳಿ.